ಕೃಪೆಯ ನಿತ್ಯರೂಪ
ಕ್ರೈಸ್ತರು ನಂಬುವ ಕೃಪೆಯು ದುಡಿಮೆಯ ಕೂಲಿಯಲ್ಲ, ದೇವರು ಪುಕ್ಕಟೆ ಕೊಟ್ಟದ್ದು. ಸತ್ಕಾರ್ಯವು ಅದಕ್ಕೆ ತೆರುವ ಬೆಲೆಯಲ್ಲ, ಅದರ ಫಲ. ಎಫೆಸದವರಿಗೆ ಪೌಲನು ಬರೆದ ಪತ್ರದ ಈ ತಿರುಳು ಬಾಸೆಲ್ ಮಿಶನ್ನಿನವರೊಡನೆ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಿತು. 1853ರಲ್ಲಿ ಬಂದ ಕಿಟ್ಟೆಲರು ಮತಪ್ರಚಾರಕರೇ, ಅದನ್ನು ಮರೆಮಾಚಬೇಕಿಲ್ಲ. ಆದರೂ 1894ರಲ್ಲಿ ಅಚ್ಚಾದ ಅವರ ನಿಘಂಟು ಜೈನ, ವೀರಶೈವ ಕವಿಗಳ ಶಬ್ದಗಳನ್ನೂ ಜನರ ಗಾದೆಗಳನ್ನೂ ಅಕ್ಕರೆಯಿಂದ ಕಾಪಿಟ್ಟಿತು. ಅದೂ ಕೃಪೆಯ ಫಲವೆಂದೇ ನನ್ನ ಎಣಿಕೆ.

ವಿದ್ವತ್ತಿಗೆ ಕೀರ್ತಿಯಾದರೂ ಉಂಟು. ವಿದ್ಯಾನಗರದಲ್ಲಿ ನನ್ನ ನೆರೆಯವರಾದ ಕ್ರೈಸ್ತ ದಾದಿಯೊಬ್ಬರು ರಾತ್ರಿಪಾಳಿ ಮುಗಿಸಿ ಬಂದು, ತಮ್ಮೊಡನೆ ಜಗಳವಾಡಿ ಮಾತುಬಿಟ್ಟ ಮುದುಕಿಯ ಕಾಲಿನ ಹುಣ್ಣನ್ನು ನಿತ್ಯ ತೊಳೆದು ಕಟ್ಟುತ್ತಾರೆ.

‘ಯಾಕ್ರಿ ಸಿಸ್ಟರ್?’ ಎಂದೆ.

‘ನನಗೂ ಪುಕ್ಕಟನ ಸಿಕ್ಕೈತ್ರಿ’ ಎಂದರು.

ಮುದುಕಿ ಇನ್ನೂ ಮಾತಾಡಿಲ್ಲ.