ವಿಷಾಸ್ತ್ರ ಪರಿವೀಕ್ಷಕನ ಕಾರ್ಯವಿಧಾನ: ಸಾಕ್ಷ್ಯದ ದೃಷ್ಟಿಯಿಂದ ಒಂದು ವಿವೇಚನೆ

ರಾಜ್ಯ ರಾಜ್ಯಗಳ ನಡುವೆ ಆದ ಒಪ್ಪಂದಗಳು ಇತಿಹಾಸದಲ್ಲಿ ಅಸಂಖ್ಯವಾಗಿವೆ. ಆದರೆ ಆ ಒಪ್ಪಂದಗಳು ನಿಜವಾಗಿ ಪಾಲಿಸಲ್ಪಟ್ಟವೇ ಎಂಬುದನ್ನು ಸ್ಥಳಕ್ಕೇ ಹೋಗಿ, ಕಣ್ಣಾರೆ ನೋಡಿ, ಹೇಳುವ ಅಧಿಕಾರವನ್ನು ಮೂರನೆಯವನೊಬ್ಬನಿಗೆ ವಹಿಸಿಕೊಟ್ಟ ಒಪ್ಪಂದಗಳು ಬೆರಳೆಣಿಕೆಯಷ್ಟು ಮಾತ್ರ. ಅವುಗಳಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದವು ಪ್ರಮುಖವಾದುದು. ಅದರ ಪರವಾಗಿ ದೇಶದೇಶಗಳನ್ನು ಸುತ್ತುವ ಪರಿವೀಕ್ಷಕನ ಕೆಲಸವು ರಸಾಯನಶಾಸ್ತ್ರಕ್ಕೆ ಸೇರಿದ್ದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಹೇಳಿಕೆಯನ್ನು ಕುರುಹಿನೊಡನೆ ಹೋಲಿಸಿ, ಕುರುಹಿನ ಮೂಲವನ್ನು ಶೋಧಿಸಿ, ತಿಳಿದಷ್ಟನ್ನೇ ಹೇಳುವುದು ಇತಿಹಾಸಕಾರನ ಕೆಲಸವೂ ಆಗಿರುವುದರಿಂದ, ಈ ವೃತ್ತಿಯ ಸ್ವರೂಪವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಅಪ್ರಸ್ತುತವಾಗಲಾರದು.

ಯುದ್ಧದಲ್ಲಿ ವಿಷದ ಬಳಕೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಔಪನಿಷದಿಕವೆಂಬ ಹದಿನಾಲ್ಕನೆಯ ಅಧಿಕರಣವೇ ಇದಕ್ಕೆ ಮೀಸಲಾಗಿದ್ದು, ಶತ್ರುವನ್ನು ಕುರುಡಾಗಿಸುವ, ಕೊಲ್ಲುವ ಹೊಗೆಗಳ ಯೋಗಗಳನ್ನು ಅದು ಹೇಳುತ್ತದೆ. ಇದಕ್ಕೆ ವಿರುದ್ಧವಾಗಿ, ವಿಷ ಲೇಪಿಸಿದ ಆಯುಧಗಳನ್ನು ಯೋಧನು ಬಳಸಕೂಡದೆಂಬ ನಿಯಮ ಮನುಸ್ಮೃತಿಯಲ್ಲಿ ಬರುತ್ತದೆ. ಯೂರೋಪಿನಲ್ಲಿ ೧೬೭೫ರಷ್ಟು ಹಿಂದೆಯೇ ಫ್ರೆಂಚರೂ ಜರ್ಮನರೂ ಸ್ಟ್ರಾಸ್‌ಬರ್ಗಿನಲ್ಲಿ ವಿಷದ ಗುಂಡುಗಳನ್ನು ಬಳಸುವುದಿಲ್ಲವೆಂದು ಮಾತು ಕೊಟ್ಟುಕೊಂಡರು. ಹೀಗೆ ವಿಷಪ್ರಯೋಗವೂ ಅದರ ನಿಷೇಧವೂ ಜೊತೆಜೊತೆಯಾಗಿಯೇ ಬೆಳೆದು ಬಂದಿವೆ.

ನಿಷೇಧದ ಮಾತು ಎಷ್ಟು ದುರ್ಬಲವೆಂಬುದನ್ನು ಪ್ರಥಮ ಮಹಾಯುದ್ಧವು ತೋರಿಸಿಕೊಟ್ಟಿತು. ಉಸಿರುಕಟ್ಟಿಸುವ ಅನಿಲವನ್ನು ಹರಡುವುದೇ ಏಕೈಕ ಉದ್ದೇಶವಾಗಿರುವ ಸಿಡಿಗುಂಡುಗಳನ್ನು ಬಳಸಬಾರದೆಂದು ೧೮೯೯ರ ಹೇಗ್ ಘೋಷಣೆಯು ವಿಧಿಸಿತ್ತು. ೧೯೧೫ರ ಏಪ್ರಿಲ್ ೨೨ರಂದು ಬೆಲ್ಜಿಯಮ್ಮಿನ ಈಪ್ರದ ಬಳಿ ಜರ್ಮನ್ ಸೈನ್ಯವು ಕ್ಲೋರಿನ್ ಅನಿಲವನ್ನು ಬಿಟ್ಟದ್ದು ಗುಂಡುಗಳಿಂದಲ್ಲ, ನೆಲದಲ್ಲಿ ಹೂತಿಟ್ಟ ಉಕ್ಕಿನ ಸಿಲಿಂಡರುಗಳಿಂದ. ಘೋಷಣೆಯ ಅಕ್ಷರವು ಉಳಿಯಿತು, ಅರ್ಥವು ಅಳಿಯಿತು. ನಾಲ್ಕು ದಿನಗಳ ಅನಂತರ ಅದೇ ರಣರಂಗದಲ್ಲಿ ಭಾರತೀಯ ಸೇನೆಯ ಲಾಹೋರ್ ವಿಭಾಗದ ಸಿಪಾಯಿಗಳು ಯಾವ ಸರಿಯಾದ ರಕ್ಷಣೆಯೂ ಇಲ್ಲದೆ ಆ ಅನಿಲವನ್ನು ಎದುರಿಸಬೇಕಾಯಿತು.

ಯುದ್ಧಾನಂತರ, ೧೯೨೫ರ ಜೂನ್ ೧೭ರಂದು ಜಿನೀವಾದಲ್ಲಿ ಮತ್ತೊಂದು ಒಡಂಬಡಿಕೆಯಾಯಿತು. ಅದು ವಿಷಾನಿಲದ ಬಳಕೆಯನ್ನು ನಿಷೇಧಿಸಿತೇ ಹೊರತು, ತಯಾರಿಕೆಯನ್ನಾಗಲಿ ಸಂಗ್ರಹವನ್ನಾಗಲಿ ನಿಷೇಧಿಸಲಿಲ್ಲ. ಪಾಲನೆಯನ್ನು ಪರೀಕ್ಷಿಸುವ ಏರ್ಪಾಡನ್ನಂತೂ ಮಾಡಲೇ ಇಲ್ಲ. ಇದರ ಫಲವು ನಮ್ಮ ನೆಲದ ಮೇಲೂ ಕಾಣಿಸಿಕೊಂಡಿತು. ೧೯೩೦ರ ದಶಕದ ಆದಿಯಿಂದ ಒಂದು ದಶಕಕ್ಕೂ ಹೆಚ್ಚು ಕಾಲ ಬ್ರಿಟಿಷ್ ವಿಜ್ಞಾನಿಗಳು ರಾವಲ್ಪಿಂಡಿಯ ಸೈನಿಕ ನೆಲೆಯಲ್ಲಿ ನೂರಾರು ಭಾರತೀಯ ಸಿಪಾಯಿಗಳ ಮೇಲೆ ಸಾಸಿವೆ ಅನಿಲದ ಪ್ರಯೋಗಗಳನ್ನು ನಡೆಸಿದರು. ಚರ್ಮ ಸುಟ್ಟು ಆಸ್ಪತ್ರೆ ಸೇರಿದವರು ಹಲವರು. ಈ ಸಂಗತಿಯು ಸಾರ್ವಜನಿಕರಿಗೆ ವಿಶದವಾಗಿ ತಿಳಿದುದು ೨೦೦೭ರಲ್ಲಿ, ಲಂಡನ್ನಿನ ಸರಕಾರಿ ದಫ್ತರಗಳಿಂದ. ಸ್ಥಳದಲ್ಲಿ ಸ್ವತಂತ್ರ ಸಾಕ್ಷಿಯಿಲ್ಲದಿದ್ದರೆ ಸತ್ಯವು ಹೊರಬೀಳಲು ಎಷ್ಟು ದಶಕಗಳು ಬೇಕಾಗುತ್ತವೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಈ ಕೊರತೆಯನ್ನು ತುಂಬಿದುದು ೧೯೯೩ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಸಹಿಗೆ ತೆರೆದು, ೧೯೯೭ರ ಏಪ್ರಿಲ್ ೨೯ರಂದು ಜಾರಿಗೆ ಬಂದ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ. ತಯಾರಿಕೆ, ಸಂಗ್ರಹ, ವರ್ಗಾವಣೆ, ಬಳಕೆ ಇವೆಲ್ಲವನ್ನೂ ಅದು ನಿಷೇಧಿಸುತ್ತದೆ. ಇರುವುದನ್ನು ಘೋಷಿಸಿ ನಾಶಪಡಿಸಬೇಕೆಂದು ವಿಧಿಸುತ್ತದೆ. ಇದರ ಪಾಲನೆಗಾಗಿ ಹೇಗ್ ನಗರದಲ್ಲಿ ಸ್ಥಾಪಿತವಾದ ಸಂಸ್ಥೆಗೆ ಇಂದು ೧೯೩ ಸದಸ್ಯ ರಾಷ್ಟ್ರಗಳಿವೆ. ೨೦೧೩ರ ನೊಬೆಲ್ ಶಾಂತಿ ಪಾರಿತೋಷಕವು ಅದಕ್ಕೆ ಸಂದಿತು. ಪರಿವೀಕ್ಷಕರು ಈ ಸಂಸ್ಥೆಯ ನೌಕರರು. ರಸಾಯನಜ್ಞರು, ಕೈಗಾರಿಕಾ ಎಂಜಿನಿಯರರು, ಮದ್ದುಗುಂಡುಗಳ ತಜ್ಞರು, ವೈದ್ಯರು ಇವರಲ್ಲಿದ್ದಾರೆ. ಸಂಸ್ಥೆಯಲ್ಲಿ ಸೇವಾವಧಿಯು ಸಾಮಾನ್ಯವಾಗಿ ಏಳು ವರ್ಷಗಳನ್ನು ಮೀರುವುದಿಲ್ಲ. ಆಮೇಲೆ ಅವರು ತಮ್ಮ ತಮ್ಮ ದೇಶಗಳಿಗೂ ಹಿಂದಿನ ವೃತ್ತಿಗಳಿಗೂ ಮರಳಬೇಕು.

ಪರಿವೀಕ್ಷಕನ ಕಾರ್ಯವನ್ನು ಮೂರು ಬಗೆಯಾಗಿ ವಿಂಗಡಿಸಬಹುದು: ಘೋಷಿತ ಅಸ್ತ್ರಗಳ ನಾಶಕ್ಕೆ ಸಾಕ್ಷಿಯಾಗಿ ನಿಲ್ಲುವುದು, ಕಾರ್ಖಾನೆಗಳನ್ನು ಪರೀಕ್ಷಿಸುವುದು, ಅಸ್ತ್ರ ಬಳಕೆಯಾಯಿತೆಂಬ ಆಪಾದನೆ ಬಂದಾಗ ತನಿಖೆ ನಡೆಸುವುದು.

ಇವುಗಳಲ್ಲಿ ಮೊದಲನೆಯದಕ್ಕೆ ನಮ್ಮ ದೇಶವೇ ಉದಾಹರಣೆ. ಭಾರತವೂ ಪಾಕಿಸ್ತಾನವೂ ೧೯೯೨ರ ಆಗಸ್ಟಿನಲ್ಲಿ ಜಂಟಿ ಘೋಷಣೆಯೊಂದನ್ನು ಹೊರಡಿಸಿ, ರಾಸಾಯನಿಕ ಅಸ್ತ್ರಗಳನ್ನು ಎಂದಿಗೂ ತಯಾರಿಸುವುದಿಲ್ಲ, ಸಂಪಾದಿಸುವುದಿಲ್ಲ, ಬಳಸುವುದಿಲ್ಲ ಎಂದು ಸಾರಿದ್ದುವು. ಭಾರತವು ಅಂತರರಾಷ್ಟ್ರೀಯ ಒಪ್ಪಂದಕ್ಕೆ ೧೯೯೩ರ ಜನವರಿ ೧೪ರಂದು ಸಹಿ ಹಾಕಿ, ೧೯೯೬ರ ಸೆಪ್ಟೆಂಬರಿನಲ್ಲಿ ಅದನ್ನು ಸ್ಥಿರೀಕರಿಸಿತು. ಒಪ್ಪಂದವು ಜಾರಿಗೆ ಬಂದ ಕೂಡಲೆ, ೧೯೯೭ರ ಜೂನಿನಲ್ಲಿ, ತನ್ನಲ್ಲಿ ಅಸ್ತ್ರಗಳಿವೆಯೆಂದು ಅದು ಘೋಷಿಸಿತು. ಅದರ ಪ್ರಮಾಣ ೧,೦೪೪ ಟನ್ ಗಂಧಕ ಮಸ್ಟರ್ಡ್. ಐದು ವರ್ಷಗಳ ಹಿಂದಿನ ಮಾತನ್ನು ನೆನೆದವರಿಗೆ ಇದು ಆಶ್ಚರ್ಯವನ್ನುಂಟುಮಾಡಿತು. ಆದರೆ ನೆರೆಯ ರಾಷ್ಟ್ರದೊಡನೆ ಮಾಡಿಕೊಂಡ ಪರೀಕ್ಷೆಯಿಲ್ಲದ ಘೋಷಣೆಗೂ, ಪರಿವೀಕ್ಷಕರು ಬಂದು ನೋಡುವರೆಂದು ತಿಳಿದು ಮಾಡಿದ ಘೋಷಣೆಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ಅಪರೂಪ. ಅನಂತರ ಹಂತಹಂತವಾಗಿ ನಡೆದ ನಾಶಕಾರ್ಯವು, ವಿಸ್ತರಿಸಿದ ಗಡುವಾದ ೨೦೦೯ರ ಏಪ್ರಿಲಿಗೆ ಮೊದಲೇ ಮುಗಿಯಿತು. ಸಂಗ್ರಹವನ್ನು ಪೂರ್ಣವಾಗಿ ನಾಶಪಡಿಸಿದವರಲ್ಲಿ ಭಾರತದ್ದು ಮೂರನೆಯ ಸ್ಥಾನ. ಜಗತ್ತಿನಲ್ಲಿ ಒಟ್ಟು ಘೋಷಿತವಾಗಿದ್ದ ೭೨,೦೦೦ ಟನ್ನಿಗೂ ಮಿಕ್ಕ ವಿಷವಸ್ತುವಿನಲ್ಲಿ ಕೊನೆಯ ಪಾಲು ಅಮೆರಿಕದ ಕೆಂಟಕಿಯಲ್ಲಿ ೨೦೨೩ರ ಜುಲೈ ೭ರಂದು ನಾಶವಾಯಿತು. ನಾಶಕಾರ್ಯ ನಡೆಯುವಾಗ ಪರಿವೀಕ್ಷಕರು ಪಾತ್ರೆಗಳ ಸಂಖ್ಯೆಯನ್ನು ಎಣಿಸಿ, ಮೊಹರುಗಳನ್ನು ತಾಳೆನೋಡಿ, ತೂಕವನ್ನು ಬರೆದುಕೊಂಡು, ಹಗಲಿರುಳು ಸರದಿಯ ಮೇಲೆ ಕಾಯುತ್ತಾರೆ. ಬೇಸರ ತರಿಸುವ ಕೆಲಸವಿದು. ಆದರೆ ಆ ಲೆಕ್ಕವಿಲ್ಲದೆ ನಾಶವಾಯಿತೆಂಬ ಮಾತಿಗೆ ಬೆಲೆಯಿಲ್ಲ.

ಎರಡನೆಯ ಕಾರ್ಯವು ಇದಕ್ಕಿಂತ ಸೂಕ್ಷ್ಮವಾದುದು. ಏಕೆಂದರೆ ವಿಷಾಸ್ತ್ರದ ಕಚ್ಚಾವಸ್ತುವೂ ನಿತ್ಯಜೀವನದ ಕಚ್ಚಾವಸ್ತುವೂ ಅನೇಕ ವೇಳೆ ಒಂದೇ. ಜಗಳೂರು ತಾಲ್ಲೂಕಿನ ಬಿಳಿಚೋಡಿನಂತಹ ಬಯಲುಸೀಮೆಯ ಗ್ರಾಮವೊಂದನ್ನು ಮನಸ್ಸಿಗೆ ತಂದುಕೊಂಡರೂ ಈ ತೊಡಕು ಸ್ಪಷ್ಟವಾಗುತ್ತದೆ. ಹೊಲದ ಬದುವಿನಲ್ಲಿ ಬೆಳೆಯುವ ಹರಳಿನ ಗಿಡವನ್ನು ನೋಡಿ ಭಯಪಡುವವರು ಯಾರೂ ಇಲ್ಲ. ಆದರೆ ಹರಳುಬೀಜದಲ್ಲಿರುವ ರೈಸಿನ್ ಎಂಬ ವಿಷವು ಒಪ್ಪಂದದ ಪ್ರಥಮ ಅನುಸೂಚಿಯಲ್ಲಿ, ಅತ್ಯಂತ ಕಟ್ಟುನಿಟ್ಟಿನ ವರ್ಗದಲ್ಲಿ, ಹೆಸರಿಸಲ್ಪಟ್ಟಿದೆ. ಎಣ್ಣೆ ತೆಗೆದಮೇಲೆ ಈ ವಿಷವು ಹಿಂಡಿಯಲ್ಲಿ ಉಳಿಯುತ್ತದೆ. ಹಾಗೆಂದು ಹರಳೆಣ್ಣೆಯ ಗಿರಣಿಗಳನ್ನೆಲ್ಲ ಅಸ್ತ್ರಾಗಾರಗಳೆಂದು ಬಗೆಯುವುದು ಅವಿವೇಕವಾದೀತೆಂದು ಸದಸ್ಯ ರಾಷ್ಟ್ರಗಳು ಅವುಗಳಿಗೆ ಆ ಅನುಸೂಚಿಯ ಘೋಷಣೆಯಿಂದ ವಿನಾಯಿತಿ ಕೊಟ್ಟಿವೆ. ಹತ್ತಿಯ ಹೊಲಕ್ಕೆ ಸಿಂಪಡಿಸುವ ರಂಜಕಯುಕ್ತ ಕೀಟನಾಶಕಗಳೂ, ನರಗಳನ್ನು ಸ್ತಂಭನಗೊಳಿಸುವ ಸರಿನ್, ಟಬುನ್ ಮುಂತಾದ ಅಸ್ತ್ರಗಳೂ ಒಂದೇ ಕುಲದವು. ೧೯೩೬ರಲ್ಲಿ ಜರ್ಮನಿಯ ಗೆರ್ಹಾರ್ಡ್ ಷ್ರಾಡರ್ ಟಬುನನ್ನು ಕಂಡುಹಿಡಿದುದು ಕೀಟನಾಶಕವನ್ನು ಹುಡುಕುತ್ತಿದ್ದಾಗಲೇ. ಕೀಟನಾಶಕ ಸೇವಿಸಿ ಆಸ್ಪತ್ರೆಗೆ ಬಂದವನಿಗೆ ಕೊಡುವ ಅಟ್ರೋಪಿನ್ ಚುಚ್ಚುಮದ್ದೇ ರಣರಂಗದ ವಿಷಕ್ಕೂ ಚಿಕಿತ್ಸೆಯಾಗಿದೆ. ವಿದ್ಯಾರ್ಥಿಯ ಜೇಬಿನಲ್ಲಿರುವ ಬಾಲ್‌ಪೆನ್ನಿನ ಶಾಯಿಗೆ ಬಳಕೆಯಾಗುವ ಥಯೋಡೈಗ್ಲೈಕಾಲ್‌ನಿಂದ ಸಾಸಿವೆ ಅನಿಲವನ್ನು ತಯಾರಿಸಬಹುದು. ೧೯೧೫ರ ಡಿಸೆಂಬರಿನಿಂದ ಜರ್ಮನರು ಯುದ್ಧದಲ್ಲಿ ಬಳಸಿದ ಫಾಸ್ಜೀನ್, ಭೋಪಾಲದ ಕಾರ್ಖಾನೆಯಲ್ಲಿ ಕೀಟನಾಶಕ ತಯಾರಿಕೆಯ ಒಂದು ಮೆಟ್ಟಿಲಾಗಿತ್ತು.

ಆದುದರಿಂದ ಒಪ್ಪಂದವು ವಸ್ತುವನ್ನು ಮಾತ್ರವಲ್ಲದೆ ಉದ್ದೇಶವನ್ನೂ ಪ್ರಮಾಣವನ್ನೂ ನೋಡುತ್ತದೆ. ಶಾಂತಿಯುತ ಕಾರ್ಯಕ್ಕೆ ಹೊಂದುವ ಬಗೆಯೂ ಪರಿಮಾಣವೂ ಇದ್ದರೆ ವಸ್ತುವು ನಿರ್ದೋಷಿ. ಇಲ್ಲವಾದರೆ ಅದು ಅಸ್ತ್ರ. ಉದ್ದೇಶವು ಕಣ್ಣಿಗೆ ಕಾಣುವಂಥದಲ್ಲವಾದುದರಿಂದ ಪರಿವೀಕ್ಷಕನು ಅದನ್ನು ಲೆಕ್ಕಪತ್ರಗಳಿಂದಲೂ ಯಂತ್ರಸ್ಥಾಪನೆಯಿಂದಲೂ ಊಹಿಸಬೇಕು. ದ್ವಿತೀಯ ಅನುಸೂಚಿಯ ಕಾರ್ಖಾನೆಗೆ ೪೮ ಗಂಟೆಗಳ, ತೃತೀಯ ಅನುಸೂಚಿಯದಕ್ಕೆ ೧೨೦ ಗಂಟೆಗಳ ಮುನ್ಸೂಚನೆ ಕೊಡಲಾಗುತ್ತದೆ. ತಂಡವು ಬಂದಮೇಲೆ ಕಾರ್ಖಾನೆಯವರು ವಿವರಣೆ ನೀಡಿ ಸ್ಥಳವನ್ನು ತೋರಿಸುತ್ತಾರೆ. ಕೊಂಡ ಕಚ್ಚಾವಸ್ತುವೆಷ್ಟು, ಮಾರಿದ ಸರಕೆಷ್ಟು, ಉಗ್ರಾಣದಲ್ಲಿ ಉಳಿದುದೆಷ್ಟು ಎಂಬುದನ್ನು ಪುಸ್ತಕಗಳಿಂದ ತಾಳೆ ನೋಡುತ್ತಾರೆ. ಬಣ್ಣದ ಕಾರ್ಖಾನೆಗೆ ಅಗತ್ಯವಿಲ್ಲದ ಬಗೆಯ ಗಾಳಿ ಸೋಸುವ ಸಾಧನವಾಗಲಿ, ತುಕ್ಕು ಹಿಡಿಯದ ವಿಶೇಷ ಲೋಹದ ಪಾತ್ರೆಯಾಗಲಿ ಕಂಡುಬಂದರೆ ಪ್ರಶ್ನೆ ಹುಟ್ಟುತ್ತದೆ. ಇದರ ಜೊತೆಗೆ ಕಾರ್ಖಾನೆಯ ವ್ಯಾಪಾರ ರಹಸ್ಯವನ್ನು ಹೊರಗೆಡಹದಿರುವ ಹೊಣೆಯೂ ಪರಿವೀಕ್ಷಕನ ಮೇಲಿದೆ. ನಮ್ಮಲ್ಲಿ ಈ ಕಾರ್ಯಕ್ಕೆ ಆಧಾರವಾಗಿರುವುದು ೨೦೦೦ದ ರಾಸಾಯನಿಕ ಅಸ್ತ್ರ ಒಪ್ಪಂದ ಅಧಿನಿಯಮ. ದೆಹಲಿಯ ರಾಷ್ಟ್ರೀಯ ಪ್ರಾಧಿಕಾರವು ಮಧ್ಯಸ್ಥವಾಗಿ ವ್ಯವಹರಿಸುತ್ತದೆ.

ಮೂರನೆಯ ಕಾರ್ಯವಾದ ತನಿಖೆಯೇ ಅತ್ಯಂತ ಅಪಾಯಕರವಾದುದು. ಈ ಪದ್ಧತಿಯು ಒಪ್ಪಂದಕ್ಕಿಂತ ಹಿಂದಿನದು: ೧೯೮೪ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯು ಕಳುಹಿಸಿದ ನಾಲ್ವರು ತಜ್ಞರು ಇರಾನಿಗೆ ಹೋಗಿ, ಇರಾಕಿನೊಡನೆ ನಡೆಯುತ್ತಿದ್ದ ಯುದ್ಧದಲ್ಲಿ ಸಾಸಿವೆ ಅನಿಲವೂ ಟಬುನೂ ಬಳಕೆಯಾಗಿವೆಯೆಂದು ದೃಢಪಡಿಸಿದರು. ಆದರೂ ಲೋಕವು ಎಚ್ಚರಗೊಳ್ಳಲಿಲ್ಲ. ೧೯೮೮ರ ಮಾರ್ಚ್ ೧೬ರಂದು ಹಲಬ್ಜಾ ಪಟ್ಟಣದಲ್ಲಿ ಸಹಸ್ರಾರು ಜನ ವಿಷಾನಿಲಕ್ಕೆ ಬಲಿಯಾದರು. ಸಾಕ್ಷ್ಯವು ದೊರೆತ ಮಾತ್ರಕ್ಕೆ ನ್ಯಾಯವು ದೊರೆಯುವುದಿಲ್ಲ.

೨೦೧೩ರ ಆಗಸ್ಟ್ ೨೧ರಂದು ಸಿರಿಯದ ರಾಜಧಾನಿಯ ಬಳಿಯ ಘೌತಾದಲ್ಲಿ ವಿಷಪ್ರಯೋಗವಾದಾಗ, ಸ್ವೀಡನ್ನಿನ ಓಕ್ ಸೆಲ್‌ಸ್ಟ್ರೋಮ್ ನೇತೃತ್ವದ ತಂಡವು ಹಳೆಯ ಆಪಾದನೆಗಳ ತನಿಖೆಗಾಗಿ ಮೂರು ದಿನ ಮೊದಲೇ ಅಲ್ಲಿಗೆ ಬಂದಿತ್ತು. ಆಗಸ್ಟ್ ೨೬ರಂದು ಘೌತಾದ ಕಡೆಗೆ ಹೊರಟ ತಂಡದ ಮುಂದಿನ ವಾಹನದ ಮೇಲೆ ಗುಂಡು ಹಾರಿತು. ವಾಹನವನ್ನು ಬದಲಾಯಿಸಿ ಅವರು ಮುಂದುವರಿದರು. ಗಾಯಾಳುಗಳ ರಕ್ತ, ಮೂತ್ರ, ನೆಲದ ಮಣ್ಣು, ರಾಕೆಟ್ಟಿನ ಚೂರುಗಳನ್ನು ಸಂಗ್ರಹಿಸಿ ಸರಿನ್ ಬಳಕೆಯಾಗಿದೆಯೆಂದು ಸೆಪ್ಟೆಂಬರ್ ೧೬ರಂದು ವರದಿ ಒಪ್ಪಿಸಲಾಯಿತು. ಬಳಸಿದವರು ಯಾರೆಂಬುದನ್ನು ಹೇಳುವ ಅಧಿಕಾರ ಆ ತಂಡಕ್ಕೆ ಇರಲಿಲ್ಲ, ಹೇಳಲೂ ಇಲ್ಲ. ಮರುವರ್ಷ ಮೇ ೨೭ರಂದು ಸಿರಿಯದಲ್ಲೇ ಮತ್ತೊಂದು ತನಿಖಾ ತಂಡದ ಮೇಲೆ ಆಕ್ರಮಣವಾಯಿತು.

ಮಾದರಿಯ ಸಂರಕ್ಷಣೆಯ ಕ್ರಮವನ್ನು ಇತಿಹಾಸದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಶಾಸನವೊಂದು ಎಲ್ಲಿ, ಯಾರಿಗೆ, ಯಾವ ಸ್ಥಿತಿಯಲ್ಲಿ ದೊರೆಯಿತೆಂಬುದು ತಿಳಿಯದಿದ್ದರೆ ಅದರ ಪ್ರಾಮಾಣ್ಯ ಕುಗ್ಗುವಂತೆಯೇ, ಸಂಗ್ರಹಿಸಿದ ಕ್ಷಣದಿಂದ ಪರೀಕ್ಷೆಯ ಮೇಜಿನವರೆಗೆ ಯಾರ ಕೈಯಲ್ಲಿತ್ತೆಂಬ ಅಖಂಡ ದಾಖಲೆಯಿಲ್ಲದ ಮಾದರಿಗೆ ಬೆಲೆಯಿಲ್ಲ. ಸಂಸ್ಥೆಯು ಪ್ರತಿ ಮಾದರಿಯನ್ನು ಭಾಗ ಮಾಡಿ, ಮೊಹರು ಹಾಕಿ, ಮಾನ್ಯತೆ ಪಡೆದ ಕನಿಷ್ಠ ಎರಡು ಪ್ರಯೋಗಶಾಲೆಗಳಿಗೆ ಬೇರೆಬೇರೆಯಾಗಿ ಕಳುಹಿಸುತ್ತದೆ. ವಿಷವಿರುವ, ಇಲ್ಲದಿರುವ ಪರೀಕ್ಷಾ ಮಾದರಿಗಳನ್ನೂ ಅವುಗಳೊಡನೆ ಬೆರೆಸಿರುವುದರಿಂದ ಯಾವುದು ಯಾವುದೆಂದು ಪರೀಕ್ಷಿಸುವವರಿಗೆ ತಿಳಿಯದು. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಶಾಲೆಯೂ ಇಂತಹ ಮಾನ್ಯತೆಯನ್ನು ಗಳಿಸಿದೆ.

ಈ ವ್ಯವಸ್ಥೆಗೆ ಮಿತಿಗಳಿಲ್ಲವೆಂದಲ್ಲ. ಸಿರಿಯವು ೨೦೧೩ರಲ್ಲಿ ಒಪ್ಪಂದಕ್ಕೆ ಸೇರಿ ಸುಮಾರು ೧,೩೦೦ ಟನ್ನುಗಳನ್ನು ಘೋಷಿಸಿ ಒಪ್ಪಿಸಿದರೂ, ಆ ಘೋಷಣೆಯು ಪೂರ್ಣವೂ ನಿಖರವೂ ಆಗಿದೆಯೆಂದು ಸಂಸ್ಥೆಯು ಎಂದೂ ಒಪ್ಪಲಿಲ್ಲ. ೨೦೨೪ರ ಡಿಸೆಂಬರಿನಲ್ಲಿ ಆ ಆಡಳಿತವು ಉರುಳಿದ ಮೇಲೆಯೇ ಉಳಿದುದರ ಶೋಧನೆಗೆ ದಾರಿ ತೆರೆಯಿತು. ಸಂಶಯ ಬಂದ ಸ್ಥಳಕ್ಕೆ ಅಲ್ಪ ಮುನ್ಸೂಚನೆಯ ಮೇಲೆ ನುಗ್ಗಿ ನೋಡುವ ಅಧಿಕಾರವನ್ನು ಒಪ್ಪಂದವು ಕೊಟ್ಟಿದ್ದರೂ ಯಾವ ರಾಷ್ಟ್ರವೂ ಇದುವರೆಗೆ ಅದನ್ನು ಕೋರಿಲ್ಲ. ಈಜಿಪ್ಟ್, ಉತ್ತರ ಕೊರಿಯ, ದಕ್ಷಿಣ ಸುಡಾನ್ ಹೊರಗೇ ಉಳಿದಿವೆ. ಇಸ್ರೇಲ್ ಸಹಿ ಹಾಕಿಯೂ ಸ್ಥಿರೀಕರಿಸಿಲ್ಲ. ಪ್ರಬಲ ರಾಷ್ಟ್ರಗಳ ಒತ್ತಡವೂ ಇಲ್ಲದಿಲ್ಲ. ಪ್ರಥಮ ಮಹಾ ನಿರ್ದೇಶಕರಾಗಿದ್ದ ಬ್ರೆಜಿಲಿನ ಹೋಸೆ ಬುಸ್ತಾನಿಯವರನ್ನು ೨೦೦೨ರ ಏಪ್ರಿಲಿನಲ್ಲಿ ಅಮೆರಿಕದ ಆಗ್ರಹದ ಮೇರೆಗೆ ಪದಚ್ಯುತಗೊಳಿಸಲಾಯಿತು. ಆ ಕ್ರಮವು ನ್ಯಾಯಬಾಹಿರವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಆಡಳಿತ ನ್ಯಾಯಮಂಡಲಿಯು ಮರುವರ್ಷ ತೀರ್ಪಿತ್ತಿತು.

ಇಷ್ಟಾದರೂ, ೧೯೨೫ರ ಒಡಂಬಡಿಕೆಯನ್ನೂ ೧೯೯೩ರದನ್ನೂ ಹೋಲಿಸಿ ನೋಡಿದಾಗ ಒಂದು ಅಂಶ ನಿಸ್ಸಂದಿಗ್ಧವಾಗುತ್ತದೆ. ಮೊದಲನೆಯದು ರಾಷ್ಟ್ರಗಳ ಮಾತನ್ನು ನಂಬಿತು. ಎರಡನೆಯದು ಮಾತನ್ನು ಕೇಳಿ, ಉಗ್ರಾಣದ ಬಾಗಿಲನ್ನು ತೆರೆಸಿತು. ಎರಡನೆಯದರ ಕಾಲದಲ್ಲಿ ಒಂದು ಯುಗದ ಘೋಷಿತ ಅಸ್ತ್ರಸಂಗ್ರಹವು ಲೆಕ್ಕವಿಟ್ಟು ನಾಶವಾಯಿತು. ಪರಿವೀಕ್ಷಕನಿಗೆ ಸೈನ್ಯವಿಲ್ಲ, ದಂಡಿಸುವ ಅಧಿಕಾರವಿಲ್ಲ. ಕಂಡದ್ದನ್ನು ಕಂಡಂತೆ ಬರೆದು, ಕಾಣದುದನ್ನು ಕಾಣಲಿಲ್ಲವೆಂದು ಬರೆಯುವ ನಿಷ್ಠೆಯೊಂದೇ ಅವನ ಬಲ. ಆ ಬರವಣಿಗೆಯನ್ನು ಓದಿ ಕ್ರಮ ಕೈಗೊಳ್ಳಬೇಕಾದ ಹೊಣೆ ರಾಷ್ಟ್ರಗಳದು, ಅವುಗಳನ್ನು ಆಳುವವರನ್ನು ಆರಿಸುವ ಪ್ರಜೆಗಳದು.