ಲೆಕ್ಕವಿಟ್ಟ ನೆರವು, ಲೆಕ್ಕವಿಡದ ನೆರವು

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೊಣಕೆರೆಯ ಸುತ್ತಲಿನ ಹಳ್ಳಿಗಳು, ಕನ್ನಂಬಾಡಿ ಕಟ್ಟೆಯ ನಾಲೆಗಳು 1930ರ ದಶಕದಲ್ಲಿ ಮಂಡ್ಯ, ಮದ್ದೂರು ಕಡೆಯ ಬಯಲಿಗೆ ನೀರುಣಿಸಿದ ಮೇಲೂ, ಬಹುಕಾಲ ಮಳೆಯನ್ನೂ ಕೆರೆಯನ್ನೂ ನಂಬಿಯೇ ಬದುಕಿದವು. ಇಲ್ಲಿನ ನೆರೆಹೊರೆಯ ಒಡನಾಟವನ್ನು ಹಳ್ಳಿಗರ ಸಹಜ ಒಳ್ಳೆಯತನವೆಂದಷ್ಟೇ ಬಣ್ಣಿಸಿದರೆ ಅದರ ಬೇರು ಕಾಣುವುದಿಲ್ಲ; ಆ ಬೇರು ಇರುವುದು ರಾಗಿ ಹೊಲದಲ್ಲಿ.

ಮಳೆಯಾಶ್ರಿತ ರಾಗಿಗೆ ಹದವೇ ಮುಖ್ಯ. ಆಷಾಢ, ಶ್ರಾವಣದ ಮಳೆ ಬಿದ್ದು ನೆಲ ಹದಗೊಂಡಾಗ ಕೆಲವೇ ದಿನಗಳೊಳಗೆ ಕೂರಿಗೆ ಹೂಡಿ ಬಿತ್ತಬೇಕು, ಅಕ್ಕಡಿ ಸಾಲುಗಳಲ್ಲಿ, ಎಂದರೆ ರಾಗಿಯ ನಡುನಡುವೆ ಬಿಟ್ಟ ಸಾಲುಗಳಲ್ಲಿ, ಅವರೆ, ತೊಗರಿ ಹಾಕಬೇಕು, ಮುಂದೆ ಕಳೆ ಏರುವ ಮುನ್ನ ಕುಂಟೆ ಹೊಡೆಯಬೇಕು; ಎಲ್ಲರ ಹೊಲವೂ ಒಂದೇ ಹೊತ್ತಿಗೆ ಕೈಬೀಸಿ ಕರೆಯುವುದರಿಂದ ಯಾವ ಮನೆಯ ಆಳುಬಲವೂ ಸಾಲದು. ಈ ಇಕ್ಕಟ್ಟಿಗೆ ಹಳ್ಳಿಗಳು ಕಂಡುಕೊಂಡ ದಾರಿಯೇ ಮುಯ್ಯಾಳು, ಅಂದರೆ ಇಂದು ಒಬ್ಬರ ಹೊಲದಲ್ಲಿ ದುಡಿದು ನಾಳೆ ಅವರಿಂದ ತಮ್ಮ ಹೊಲದಲ್ಲಿ ಅಷ್ಟೇ ದುಡಿಮೆಯನ್ನು ಪಡೆಯುವ ಏರ್ಪಾಡು. ಕೂಲಿಯ ಮಾತಿಲ್ಲ, ಊಟ ಹೊಲದ ಒಡೆಯರದು, ಲೆಕ್ಕ ಬಾಯಿಮಾತಿನದು. ಬೆಳೆ ಕೊಯ್ದು, ಸಿವುಡು ಕಟ್ಟಿ, ಮೆದೆ ಒಟ್ಟಿ, ಕಣದಲ್ಲಿ ರೋಣುಗಲ್ಲು ಎಳೆಸಿ ಕಾಳು ತೂರುವವರೆಗೂ ಇದೇ ಕೈಗಳು ಒಂದು ಕಣದಿಂದ ಇನ್ನೊಂದಕ್ಕೆ ಹೋಗುತ್ತಿದ್ದವು.

ಹೊಲದ ಈ ಲೆಕ್ಕವೇ ಮದುವೆಯ ಚಪ್ಪರದಲ್ಲಿ ಮುಯ್ಯಿಯಾಗುತ್ತದೆ. ನೆಂಟರೂ ಊರವರೂ ಕೊಟ್ಟ ಹಣ, ಪಾತ್ರೆ, ಬಟ್ಟೆಗಳನ್ನು ಹೆಸರಿನೊಡನೆ ಪುಸ್ತಕದಲ್ಲಿ ಬರೆದಿಟ್ಟು, ಕೊಟ್ಟವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಅಷ್ಟನ್ನೋ ತುಸು ಹೆಚ್ಚನ್ನೋ ಹಿಂದಿರುಗಿಸುವುದು ಇದರ ಕ್ರಮ. ಬರೆದಿಡುವುದು ಸಣ್ಣತನವೆಂದು ಪಟ್ಟಣದ ಕಣ್ಣಿಗೆ ತೋರಬಹುದು. ಆದರೆ ಪಡೆದವರು ತಲೆ ತಗ್ಗಿಸದಂತೆ ಕಾಯುವುದೂ ಆ ಬರಹವೇ, ಏಕೆಂದರೆ ಅಲ್ಲಿ ಪಡೆದದ್ದು ದಾನವಲ್ಲ, ತೀರಿಸಲಿರುವ ಋಣ.

ಇದರ ಜೊತೆಗೆ ಯಾರೂ ಬರೆದಿಡದ ಕೊಡುಕೊಳೆಯೊಂದಿದೆ. ಹಸು ಕರು ಹಾಕಿದಾಗ ಮೊದಲ ದಿನಗಳ ಗಟ್ಟಿಹಾಲಿನಿಂದ ಕಾಯಿಸಿದ ಗಿಣ್ಣು ನೆರೆಮನೆಗಳಿಗೆ ಹೋಗುತ್ತದೆ. ಸೊಗಡಿನ ಅವರೆಕಾಯಿ ಬಂದಾಗ ಹೊಲವಿಲ್ಲದ ಮನೆಗೂ ಒಂದು ಮೊರ ಸಲ್ಲುತ್ತದೆ. ಮೊಸರಿಗೆ ಹೆಪ್ಪು ಪಕ್ಕದ ಮನೆಯಿಂದಲೇ ಬರುತ್ತದೆ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂಬ ನಿಯಮವಿರುವುದರಿಂದ ಆ ಮನೆಯವರಿಗೂ ದೂರದಿಂದ ಬಂದವರಿಗೂ ಅನ್ನ ಬೇಯುವುದು ಅಕ್ಕಪಕ್ಕದ ಒಲೆಗಳಲ್ಲಿ. ಮಾತು ಬಿಟ್ಟ ಮನೆಗಳೂ ಅಂದು ಪಾತ್ರೆ ಹೊತ್ತು ಬರುವುದುಂಟು. ಈ ಪ್ರದೇಶದ ಸಾಮಾಜಿಕ ಬದುಕಿನಲ್ಲಿ ಇದಕ್ಕಿಂತ ದೊಡ್ಡದನ್ನು ತೋರಿಸುವುದು ಕಷ್ಟ.

ಈ ಬಳಕೆಗೆ ಗೋಡೆಗಳಿದ್ದವೆಂಬುದನ್ನು ಮರೆಮಾಚಬಾರದು. ಮುಯ್ಯಾಳು ಹೆಚ್ಚಾಗಿ ಸರಿಸಮಾನ ಹಿಡುವಳಿಯ, ಒಂದೇ ಜಾತಿಯ ಮನೆಗಳ ನಡುವಿನದಾಗಿತ್ತು. ದಲಿತ ಕುಟುಂಬಗಳನ್ನು ಒಕ್ಕಲು ಮನೆಗಳಿಗೆ ತಲೆತಲಾಂತರದಿಂದ ಕಟ್ಟಿಹಾಕಿದ ಹಳೇಮಕ್ಕಳ ಪದ್ಧತಿಯಲ್ಲಿ ದುಡಿಮೆಗೆ ಕಾಳು ಸಿಗುತ್ತಿತ್ತೇ ಹೊರತು ಸಮಾನತೆಯಲ್ಲ. 1954ರಿಂದ 1956ರವರೆಗೆ ಮಂಡ್ಯದ ಬಳಿ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿ 1962ರಲ್ಲಿ ಗ್ರಂಥ ಪ್ರಕಟಿಸಿದ ಸ್ಕಾರ್ಲೆಟ್ ಎಪ್‌ಸ್ಟೀನ್, ನಾಲೆಯ ನೀರು ಬಂದ ಊರಿನಲ್ಲಿ ಇಂಥ ಹಳೆಯ ಸಂಬಂಧಗಳು ಉಳಿದುಕೊಂಡವೆಂದೂ, ನೀರು ಸಿಗದೆ ಪಟ್ಟಣದ ಕೆಲಸಕ್ಕೆ ಹೊರಳಿದ ಊರಿನಲ್ಲಿ ಅವು ಸಡಿಲಗೊಂಡವೆಂದೂ ತೋರಿಸಿದರು. ಆ ಸಡಿಲಿಕೆಯನ್ನು ನಷ್ಟವೆಂದಷ್ಟೇ ಕರೆಯಲಾಗದು. ಕಟ್ಟು ಬಿಚ್ಚಿದವರಿಗೆ ಅದು ಬಿಡುಗಡೆಯೂ ಹೌದು.

ಇಂದು ಟ್ರ್ಯಾಕ್ಟರು, ಒಕ್ಕಣೆ ಯಂತ್ರಗಳು ಮುಯ್ಯಾಳಿನ ಜಾಗವನ್ನು ಬಹುಪಾಲು ಹಿಡಿದಿವೆ, ಯುವಕರು ಬೆಂಗಳೂರು ಸೇರಿದ್ದಾರೆ, ಎಷ್ಟೋ ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿದಿದ್ದಾರೆ. ನೆರವು ಈಗ ಇವರ ಸುತ್ತ ಹೊಸ ರೂಪ ತಾಳುತ್ತಿದೆ: ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರಕ್ಕೆ ಹೆಬ್ಬೆಟ್ಟು ಒತ್ತಬೇಕಾದ್ದರಿಂದ ಅಕ್ಕಿ ತಂದುಕೊಟ್ಟರೆ ಸಾಲದೆ, ಪಕ್ಕದ ಮನೆಯವರು ಅಜ್ಜಿಯನ್ನೇ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಕಾಗುತ್ತದೆ, ಕಾಯಿಲೆ ಬಿದ್ದರೆ ಬೆಳ್ಳೂರು ಬಳಿಯ ಬಿ.ಜಿ. ನಗರದ ಆಸ್ಪತ್ರೆಗೆ ಕರೆದೊಯ್ದು, ಬೆಂಗಳೂರಿನಿಂದ ಮಗ ಬಂದು ಸೇರುವವರೆಗೆ ಹಾಸಿಗೆಯ ಬಳಿ ಕೂರುವವರೂ ಅವರೇ.