ಕಾಣದ ತಕ್ಕಡಿ

ಸಂತೆಯಲ್ಲಿ ತರಕಾರಿ ಕೊಳ್ಳುವವನ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆಯೇ ಇರುತ್ತದೆ. ಮುಳ್ಳು ಸ್ವಲ್ಪ ವಾಲಿದರೂ ಅವನು ಸುಮ್ಮನಿರುವುದಿಲ್ಲ. "ಸರಿಯಾಗಿ ತೂಗಪ್ಪಾ" ಎಂದು ಅಲ್ಲಿಯೇ ಆಕ್ಷೇಪಿಸುತ್ತಾನೆ. ಆದರೆ ಇಂದು ನಾವು ಹಣ ಕೊಟ್ಟು ತರುವ ಅನೇಕ ವಸ್ತುಗಳಲ್ಲಿ ತಕ್ಕಡಿ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಮೊಬೈಲ್ ಫೋನ್ ಅಂತಹ ಒಂದು ವಸ್ತು. ಅದು ನಮ್ಮ ಜೇಬಿನಲ್ಲಿದ್ದರೂ ಅದನ್ನು ನಡೆಸುವ ತಂತ್ರಾಂಶದ ಹಿಡಿತ ದೂರದಲ್ಲಿರುವ ಕಂಪನಿಯ ಕೈಯಲ್ಲಿರುತ್ತದೆ. ಹೀಗಿರುವಾಗ ಕೊಳ್ಳುವವನ ಹಕ್ಕನ್ನು ಕಾಯುವವರು ಯಾರು?

ಈಚೆಗೆ ನಮ್ಮೂರಿನ ಫೋನ್ ದುರಸ್ತಿ ಅಂಗಡಿಯೊಂದರಲ್ಲಿ ಕುಳಿತಿದ್ದಾಗ ಈ ವಿಷಯವಾಗಿ ಮೂರು ಅಭಿಪ್ರಾಯಗಳು ನನ್ನ ಕಿವಿಗೆ ಬಿದ್ದವು. "ಎರಡೇ ವರ್ಷಕ್ಕೆ ಈ ಫೋನ್ ಎತ್ತಿನ ಗಾಡಿಯಾಗಿದೆ" ಎಂದು ಒಬ್ಬರು ದೂರಿದರು. "ಹಳತಾದ ಮೇಲೆ ಮನುಷ್ಯನೇ ನಿಧಾನವಾಗುತ್ತಾನೆ, ಯಂತ್ರದ ಪಾಡೇನು?" ಎಂದರು ಮತ್ತೊಬ್ಬರು. "ಹಾಗಲ್ಲ, ಹೊಸದನ್ನು ಮಾರಲು ಕಂಪನಿಯವರೇ ಹೀಗೆ ಮಾಡುತ್ತಾರೆ" ಎಂಬುದು ಮೂರನೆಯವರ ಖಚಿತ ನುಡಿ. ಕೊನೆಗೆ ಅಂಗಡಿಯಾತ ನಕ್ಕು, "ಎಲ್ಲ ಷರತ್ತುಗಳಿಗೂ ಒಪ್ಪಿಗೆ ಎಂದು ನೀವೇ ಒತ್ತಿದ್ದೀರಿ, ಇನ್ನು ಕಾನೂನು ತಾನೆ ಏನು ಮಾಡೀತು?" ಎಂದ. ಈ ಮೂರು ಮಾತುಗಳಲ್ಲಿ ಸತ್ಯವೆಷ್ಟು? ಇದನ್ನು ತಿಳಿಯಲು ಹೊರದೇಶದಲ್ಲಿ ನಡೆದ ಒಂದು ಪ್ರಸಂಗ ನಮಗೆ ನೆರವಾಗುತ್ತದೆ.

ಅಮೆರಿಕದ ಆಪಲ್ ಕಂಪನಿಯ ಐಫೋನ್ ಜಗತ್ಪ್ರಸಿದ್ಧವಾದುದು. ಎಲ್ಲ ಫೋನುಗಳಂತೆ ಅದರಲ್ಲಿಯೂ ಲಿಥಿಯಂ ಅಯಾನ್ ಬ್ಯಾಟರಿ ಇದೆ. ಈ ಬ್ಯಾಟರಿ ಹಳತಾದಂತೆ ಅದರ ಒಳರೋಧ ಹೆಚ್ಚುತ್ತದೆ. ಆಗ ಫೋನಿಗೆ ಒಮ್ಮೆಗೇ ಹೆಚ್ಚು ವಿದ್ಯುತ್ ಬೇಕಾದರೆ ಬ್ಯಾಟರಿ ಅದನ್ನು ಒದಗಿಸಲಾರದು. ಫೋನ್ ಥಟ್ಟನೆ ಆರಿಹೋಗುತ್ತದೆ. ಈ ತೊಂದರೆಯನ್ನು ತಪ್ಪಿಸಲು ಕಂಪನಿಯು 2017ರ ಆರಂಭದಲ್ಲಿ ತನ್ನ ತಂತ್ರಾಂಶದಲ್ಲಿ ಒಂದು ಬದಲಾವಣೆ ಮಾಡಿತು. ಬ್ಯಾಟರಿ ಸೊರಗಿದ ಫೋನುಗಳ ಗರಿಷ್ಠ ವೇಗವನ್ನು ಆ ತಂತ್ರಾಂಶವು ತಾನಾಗಿಯೇ ತಗ್ಗಿಸುತ್ತಿತ್ತು. ಆದರೆ ಈ ಸಂಗತಿಯನ್ನು ಫೋನಿನ ಒಡೆಯರಿಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲ.

ಗುಟ್ಟು ಹೊರಬಿದ್ದುದು ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ. ಸಾಮಾನ್ಯ ಬಳಕೆದಾರನೊಬ್ಬ ತನ್ನ ಫೋನಿನ ಬ್ಯಾಟರಿಯನ್ನು ಬದಲಿಸಿ ವೇಗವನ್ನು ಅಳೆದು ನೋಡಿದ. ನಿಧಾನವಾಗಿದ್ದ ಫೋನ್ ಮತ್ತೆ ಚುರುಕಾಗಿತ್ತು! ಅವನು ಈ ಅಳತೆಗಳನ್ನು ಎಲ್ಲರ ಮುಂದಿಟ್ಟ. ವೇಗ ಪರೀಕ್ಷೆಯ ತಂತ್ರಾಂಶ ತಯಾರಿಸುವವರು ಅನೇಕ ಫೋನುಗಳ ಅಂಕಿಗಳನ್ನು ಹೋಲಿಸಿದಾಗಲೂ ಅದೇ ಕುರುಹು ಕಂಡಿತು. ಆಗ ಕಂಪನಿಯು ನಿಜವನ್ನು ಒಪ್ಪಿಕೊಂಡು, ಡಿಸೆಂಬರ್ 28ರಂದು ಗ್ರಾಹಕರ ಕ್ಷಮೆ ಯಾಚಿಸಿತು. ಅಮೆರಿಕದಲ್ಲಿ 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯ ದರವನ್ನು 29 ಡಾಲರಿಗೆ ಇಳಿಸಿತು. ಬ್ಯಾಟರಿಯ ಸ್ಥಿತಿಯನ್ನು ಗ್ರಾಹಕನೇ ನೋಡಿ ತಿಳಿಯುವ ಅನುಕೂಲವನ್ನು 2018ರಲ್ಲಿ ಒದಗಿಸಿತು. 2020ರಲ್ಲಿ ಫ್ರಾನ್ಸ್ ದೇಶದ ಗ್ರಾಹಕ ಸಂರಕ್ಷಣಾ ಅಧಿಕಾರಿಗಳು, ಗ್ರಾಹಕರಿಗೆ ತಿಳಿಸದ ಕಾರಣಕ್ಕಾಗಿ 2 ಕೋಟಿ 50 ಲಕ್ಷ ಯೂರೋ ದಂಡ ವಿಧಿಸಿದರು. ಅದೇ ವರ್ಷ ಅಮೆರಿಕದಲ್ಲಿ ಗ್ರಾಹಕರು ಒಟ್ಟಾಗಿ ಹೂಡಿದ್ದ ಮೊಕದ್ದಮೆಯಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, 50 ಕೋಟಿ ಡಾಲರುಗಳವರೆಗೆ ಕೊಡಲು ಕಂಪನಿಯು ರಾಜಿಯಾಯಿತು.

ಈಗ ಅಂಗಡಿಯ ಮಾತುಗಳನ್ನು ತೂಗಿ ನೋಡೋಣ. ಹಳತಾದದ್ದು ನಿಧಾನವಾಗುತ್ತದೆ ಎಂದವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬ್ಯಾಟರಿಗೆ ಮುಪ್ಪು ಬರುವುದು ಪ್ರಕೃತಿಧರ್ಮ. ಕಂಪನಿಯದೇ ಕೈವಾಡ ಎಂದವರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ವೇಗವನ್ನು ತಗ್ಗಿಸಿದುದು ಕಂಪನಿಯೇ. ಹೊಸ ಫೋನ್ ಮಾರುವುದೇ ಅದರ ಉದ್ದೇಶವಾಗಿತ್ತೆಂಬುದನ್ನು ಮಾತ್ರ ಕಂಪನಿಯು ಅಲ್ಲಗಳೆಯಿತು. ಆದರೆ ಗಮನಿಸಬೇಕಾದ ಅಂಶ ಬೇರೆಯೇ ಇದೆ. ಫ್ರಾನ್ಸಿನ ಅಧಿಕಾರಿಗಳು ದಂಡ ವಿಧಿಸಿದುದು ವೇಗ ತಗ್ಗಿಸಿದುದಕ್ಕಲ್ಲ, ತಿಳಿಸದೆ ಇದ್ದುದಕ್ಕೆ. ಬ್ಯಾಟರಿ ಬದಲಿಸಿದರೆ ಸಾಕು ಎಂದು ತಿಳಿದಿದ್ದರೆ ಎಷ್ಟೋ ಜನ ಹೊಸ ಫೋನಿಗೆ ಹಣ ಸುರಿಯುತ್ತಿರಲಿಲ್ಲ. ಅರಿವನ್ನು ಮರೆಮಾಡಿದರೆ ಆಯ್ಕೆಯನ್ನೂ ಕಸಿದುಕೊಂಡಂತೆಯೇ ಸರಿ.

ಈ ಅರಿಯುವ ಹಕ್ಕು ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ 1962ರ ಮಾರ್ಚ್ 15ರಂದು ಅಲ್ಲಿನ ಸಂಸತ್ತಿಗೆ ಕಳುಹಿಸಿದ ಸಂದೇಶದಲ್ಲಿ ಗ್ರಾಹಕನ ನಾಲ್ಕು ಹಕ್ಕುಗಳನ್ನು ಹೆಸರಿಸಿದರು: ಸುರಕ್ಷತೆ, ಮಾಹಿತಿ, ಆಯ್ಕೆ ಮತ್ತು ತನ್ನ ಅಹವಾಲಿಗೆ ಕಿವಿಗೊಡುವವರನ್ನು ಪಡೆಯುವ ಹಕ್ಕು. ಆ ದಿನವನ್ನು ಇಂದಿಗೂ ವಿಶ್ವ ಗ್ರಾಹಕ ಹಕ್ಕುಗಳ ದಿನವೆಂದು ಆಚರಿಸುತ್ತಾರೆ. ಭಾರತದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದುದು 1986ರ ಡಿಸೆಂಬರ್ 24ರಂದು. ಆದುದರಿಂದ ಅದು ನಮ್ಮ ರಾಷ್ಟ್ರೀಯ ಗ್ರಾಹಕ ದಿನ. ಆ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈ ತಿಂಗಳಿನಲ್ಲಿ ಜಾರಿಗೆ ಬಂದಿತು. ವಸ್ತುವಿನ ಗುಣ, ಪ್ರಮಾಣ, ಸಾಮರ್ಥ್ಯ, ಶುದ್ಧತೆ, ಮಟ್ಟ ಮತ್ತು ಬೆಲೆಗಳನ್ನು ತಿಳಿಯುವುದು ಗ್ರಾಹಕನ ಹಕ್ಕೆಂದು ಅದು ಸಾರುತ್ತದೆ.

ಇನ್ನು ಉಳಿದುದು ಅಂಗಡಿಯಾತನ ಮಾತು. ಒಪ್ಪಿಗೆಯ ಗುಂಡಿ ಒತ್ತಿದ ಮೇಲೆ ಹಕ್ಕುಗಳೆಲ್ಲ ಮುಗಿದವೇ? ಖಂಡಿತ ಇಲ್ಲ. ಒಂದು ಕಡೆ ಬಲಿಷ್ಠ ಕಂಪನಿ, ಮತ್ತೊಂದು ಕಡೆ ಓದಿ ಮುಗಿಯದ ಷರತ್ತುಗಳ ಮುಂದೆ ನಿಂತ ಒಂಟಿ ಗ್ರಾಹಕ. ಇಂತಹ ಒಪ್ಪಂದ ಸಮಾನರ ನಡುವಣ ಒಪ್ಪಂದವಲ್ಲ ಎಂಬುದು ಕಾನೂನಿಗೆ ತಿಳಿದಿದೆ. ಅದಕ್ಕಾಗಿಯೇ 2019ರ ಕಾಯಿದೆಯು ಗ್ರಾಹಕನ ಹಕ್ಕನ್ನು ಕುಂದಿಸುವ ಒಪ್ಪಂದವನ್ನು 'ಅನ್ಯಾಯದ ಕರಾರು' ಎಂದು ಗುರುತಿಸಿದೆ. ಅದರಲ್ಲಿನ ಅನ್ಯಾಯದ ಷರತ್ತುಗಳನ್ನು ಅಸಿಂಧುವೆಂದು ಘೋಷಿಸುವ ಅಧಿಕಾರವನ್ನು ರಾಜ್ಯ ಆಯೋಗಕ್ಕೆ ಕೊಟ್ಟಿದೆ. ಆನ್‌ಲೈನ್ ಮಾರಾಟಗಾರರು ಮೊದಲೇ ಗುರುತು ಹಾಕಿಟ್ಟ ಚೌಕಗಳ ಮೂಲಕ ನಮ್ಮ ಒಪ್ಪಿಗೆಯನ್ನು ದಾಖಲಿಸಿಕೊಳ್ಳುವಂತಿಲ್ಲ ಎಂದು 2020ರ ನಿಯಮಗಳು ಹೇಳುತ್ತವೆ.

ಹಾಗೆಂದು ಕಾನೂನು ತಾನಾಗಿ ಬಂದು ನಮ್ಮ ಮನೆಯ ಬಾಗಿಲು ತಟ್ಟುವುದಿಲ್ಲ. ರಸೀದಿಯನ್ನು ಕೇಳಿ ಪಡೆದು ಜೋಪಾನವಾಗಿಡಬೇಕು. ದೋಷ ಕಂಡೊಡನೆ ಬರವಣಿಗೆಯಲ್ಲಿ ತಿಳಿಸಬೇಕು. 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬಹುದು. ಅದರಿಂದಲೂ ಫಲ ದೊರೆಯದಿದ್ದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನಾವೇ ವಾದಿಸಲೂಬಹುದು.

"ಅಷ್ಟು ದೊಡ್ಡ ಕಂಪನಿಯ ಮುಂದೆ ನಾನೊಬ್ಬ ಏನು ಮಾಡಬಲ್ಲೆ?" ಎಂದು ಕೈಚೆಲ್ಲುವವರು ಆ ಅಜ್ಞಾತ ಬಳಕೆದಾರನನ್ನು ನೆನೆಯಬೇಕು. ಅವನು ಕೂಗಾಡಲಿಲ್ಲ, ಶಪಿಸಲೂ ಇಲ್ಲ. ಬ್ಯಾಟರಿ ಬದಲಿಸಿದ, ಅಳೆದ, ಕಂಡದ್ದನ್ನು ಹೇಳಿದ. ಕಾಣದ ತಕ್ಕಡಿಯ ಮುಳ್ಳು ಹೀಗೆ ಎಲ್ಲರಿಗೂ ಕಾಣುವಂತಾಯಿತು. ಊಹೆಯ ಮಾತನ್ನು ಪರೀಕ್ಷಿಸಿ ನೋಡುವುದು, ಗೊತ್ತಿಲ್ಲದುದನ್ನು ಸಂಕೋಚವಿಲ್ಲದೆ ಕೇಳುವುದು, ಇವು ವಿದ್ಯಾರ್ಥಿಯ ಗುಣಗಳು. ಒಳ್ಳೆಯ ಗ್ರಾಹಕನಿಗೆ ಬೇಕಾದುವೂ ಅವೇ.